ದೊಡ್ಡ ಅಳಿಯ ಪೈಲ್ವಾನನ ಮೊಮ್ಮಗನಾದದ್ದು

ಒಂದು ಮನೆಗೆ ಒಬ್ಬನೇ ಅಳಿಯ ಇರಬೇಕು. ಇದು ಶಿವಪ್ರಕಾಶ ಸ್ವಂತ ಅನುಭವದಿಂದ ಕಂಡುಕೊಂಡ ಸತ್ಯ. ಆದರೆ ಕಂಡುಕೊಳ್ಳುವ ಹೊತ್ತಿಗೆ ಎರಡನೆಯವನು ಬಂದು ಮಣೆಯ ಮೇಲೆ ಕೂತು ಕೈ ತೊಳೆದಾಗಿತ್ತು. ಇದಕ್ಕಿಂತ ದೊಡ್ಡ ನೋವೆಂದರೆ, ಅವನನ್ನು ಹೊಗಳಿ, ಮನೆಯವರನ್ನು ಒಪ್ಪಿಸಿ, ಕರೆತಂದು ಕೂರಿಸಿದವನೂ ಶಿವಪ್ರಕಾಶನೇ.

ಶಿವಪ್ರಕಾಶ ಹೈದರಾಬಾದಿನ ಸನತ್‌ನಗರದ ಒಂದು ಪಂಪು ಕಾರ್ಖಾನೆಯಲ್ಲಿ ಖರೀದಿ ವಿಭಾಗದ ಮ್ಯಾನೇಜರು. ವಾರವೆಲ್ಲ ಮಾಲೀಕರ ಮುಂದೆ ತಲೆ ತಗ್ಗಿಸಿ ನಿಲ್ಲುವುದು, ಭಾನುವಾರ ಕಾಚಿಗೂಡದ ಮಾವನ ಮನೆಗೆ ಹೋಗಿ ತಗ್ಗಿಸಿದ ತಲೆಯನ್ನು ಮೇಲೆತ್ತಿಕೊಂಡು ಬರುವುದು, ಇದು ಅವನ ಬಾಳಿನ ಕ್ರಮ. ಅಲ್ಲಿ ಕೂಲರಿನ ಎದುರಿನ ಕುರ್ಚಿ ಅವನದು. ಟಿವಿಯ ರಿಮೋಟು ಅವನದು. ಹಂಚಿನಿಂದ ಇಳಿದ ಮೊದಲ ಹೋಳಿಗೆ ಅವನದು. ಅತ್ತೆ ಅಂಬವ್ವ ಮೇಲಿಂದ ತುಪ್ಪ ಸುರಿಯುವಾಗ ಅವನು 'ಸಾಕ್ರಿ, ಸಾಕ್ರಿ' ಎನ್ನುತ್ತ ತಟ್ಟೆಯನ್ನು ಇನ್ನಷ್ಟು ಮುಂದೆ ಸರಿಸುತ್ತಿದ್ದ.

ಮಾವ ಅಮರೇಶಪ್ಪನವರು ಮಾತ್ರ ಬೇರೆ ತರಹದ ಮನುಷ್ಯ. ರಾಯಚೂರಿನಿಂದ ಬಂದು ಕಾಚಿಗೂಡದಲ್ಲಿ ಬಟ್ಟೆ ಅಂಗಡಿ ನಡೆಸಿ, ಈಗ ಅಂಗಡಿ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂತಿದ್ದರು. 'ಬರ್ರಿ', 'ಉಣ್ರಿ', 'ಹೂಂ' ಇಷ್ಟೇ ಅವರ ಶಬ್ದಕೋಶ. ಅವರ ಬಲಗಿವಿ ಒಣಗಿದ ಅಂಜೂರದ ಹಣ್ಣಿನಂತೆ ಮುದುಡಿಕೊಂಡಿತ್ತು. ಮದುವೆಯಾದ ಹೊಸತರಲ್ಲೇ ಶಿವಪ್ರಕಾಶ ಈ ಕಿವಿಯನ್ನೂ ಆ ಮೌನವನ್ನೂ ಕೂಡಿಸಿ, ಮಾವನಿಗೆ ಕಿವುಡು ಎಂದು ತೀರ್ಮಾನಿಸಿಬಿಟ್ಟ. ಅಂದಿನಿಂದ ಹನ್ನೆರಡು ವರ್ಷ ಆ ಕಿವಿಯ ಹತ್ತಿರ ಬಾಯಿಟ್ಟು ಒದರಿಯೇ ಮಾತಾಡಿದ. ಮಾವ 'ಹೂಂ' ಅನ್ನುತ್ತಿದ್ದರು. ಮಾವನಿಗೆ ತನ್ನ ಮೇಲೆ ಭಾಳ ಪ್ರೀತಿ ಎಂದು ಶಿವಪ್ರಕಾಶ ತಿಳಿದಿದ್ದ.

ಹೀಗಿರುವಾಗ ನಾದಿನಿ ದೀಪಾಲಿಗೆ ಗಂಡು ನೋಡುವ ಕಾಲ ಬಂತು. ಅವಳು ಅಮೀರ್‌ಪೇಟ್‌ನ ಒಂದು ಕೋಚಿಂಗ್ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದಳು. ಮೊದಲು ಬಂದದ್ದು ಹೃದಯದ ಡಾಕ್ಟರ ಜಾತಕ. ಶಿವಪ್ರಕಾಶನ ಹೃದಯ ಧಸಕ್ಕೆಂದಿತು. ("ಡಾಕ್ಟರಿಗೆ ಮನಿ ಕಡೆ ಲಕ್ಷ್ಯ ಇರೂದಿಲ್ರಿ ಮಾವಾರ!") ಆಮೇಲೆ ದೊಡ್ಡ ಕಾರಿನ ಬ್ಯಾಂಕ್ ಅಧಿಕಾರಿ. ("ವರ್ಗಾವರ್ಗಿ ನೌಕರಿ, ಹುಡುಗಿ ಊರೂರು ತಿರಗಬೇಕಾಕ್ಕತಿ!") ಎರಡನ್ನೂ ಅವನೇ ಮುಂದೆ ನಿಂತು ಕೆಡಿಸಿದ. ಆಗ ದೀಪಾಲಿ ತಾನೇ ಒಬ್ಬ ಹುಡುಗನ ಹೆಸರು ಹೇಳಿದಳು. ಬಸವಕಿರಣ, ಕೊಪ್ಪಳದ ಕಡೆಯವನು, ಹೈದರಾಬಾದಿನಲ್ಲೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ.

"ಇನ್ನೂ ಓದಾಕತ್ತಾನೇನು? ಏನ ಓದತಾನ?" ಅಂಬವ್ವ ಕೇಳಿದರು.

"ಪಿಎಚ್.ಡಿ. ಅವ್ವಾ. ಆಟದ ಮ್ಯಾಲ."

"ಆಟಾ?" ಹೈದರಾಬಾದಿನ ಕಿರಾಣಿ ಅಂಗಡಿಗಳಲ್ಲಿ ದಿನಾ 'ಆಟಾ' ಎಂದು ಗೋಧಿ ಹಿಟ್ಟು ಕೇಳಿ ಕೇಳಿ ಅಂಬವ್ವನಿಗೆ ಆ ಶಬ್ದಕ್ಕೆ ಒಂದೇ ಅರ್ಥ ಉಳಿದಿತ್ತು. "ಗಿರಣಿ ಐತೇನು ಅವರ ಮನ್ಯಾಗ?"

"ಹಿಟ್ಟಲ್ಲವ್ವಾ, ಆಟ! ಕುಸ್ತಿ, ಕಬಡ್ಡಿ, ಹಾಕಿ. ಅವುಗಳ ಚರಿತ್ರೆ, ಸಂಸ್ಕೃತಿ."

"ಆಡೂದು ಬಿಟ್ಟು ಅದರಾಗ ಓದೂದೇನೈತಿ?"

ಶಿವಪ್ರಕಾಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನೌಕರಿ ಇಲ್ಲ. ಕಾರಿಲ್ಲ. ವಿಷಯವೋ, ನಾಲ್ಕು ಜನರ ಮುಂದೆ ಹೇಳಿದರೆ ನಗೆ ಬರುವಂಥದು. ಇಂಥ ಷಡ್ಡಕ ಪಕ್ಕದಲ್ಲಿ ಕೂತರೆ ತನ್ನ ಮ್ಯಾನೇಜರ್‌ಗಿರಿ ಗೋಳಗುಮ್ಮಟದಷ್ಟು ಎತ್ತರಕ್ಕೆ ಕಾಣುತ್ತದೆ. ಅವನು ತಟ್ಟನೆ ಎದ್ದು ಮಾವನ ಬಲಗಿವಿಗೆ ಬಾಯಿಟ್ಟ.

"ಮಾವಾರ! ವಿದ್ಯಾದ ಮುಂದ ರೊಕ್ಕ ಕಸ! ಈ ಹುಡುಗನ್ನ ಬಿಡಬ್ಯಾಡ್ರಿ!"

ಮಾವ ಕಣ್ಣು ಮುಚ್ಚಿ ತೆರೆದು "ಹೂಂ" ಅಂದರು. ಮದುವೆಯಾಯಿತು. ದೀಪಾಲಿ ಮದುಮಗಳ ಸೀರೆಯಲ್ಲೇ ಅವನ ಕಾಲಿಗೆ ಬಿದ್ದು "ನಿಮ್ಮಿಂದನ ಆತು ಮಾಮಾ" ಎಂದು ಕಣ್ಣೀರು ಹಾಕಿದಳು. ಶಿವಪ್ರಕಾಶ ತಾನೊಬ್ಬ ಮಹಾನುಭಾವನೆಂಬಂತೆ ಅವಳ ತಲೆ ಸವರಿದ.

ಮದುವೆಯ ನಂತರದ ಮೊದಲ ಭಾನುವಾರ ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. ಈ ಮನೆಯಲ್ಲಿ ಕ್ರಿಕೆಟ್ಟಿನ ಬಗ್ಗೆ ಶಿವಪ್ರಕಾಶನ ಮಾತೇ ವೇದವಾಕ್ಯ. ಅವನು ಕಾಲ ಮೇಲೆ ಕಾಲು ಹಾಕಿ, ಹೊಸ ಷಡ್ಡಕನನ್ನು ಪರೀಕ್ಷೆಗೆ ಒಡ್ಡಿದ.

"ಏನ್ ತಮ್ಮಾ, ಹೋದ ವರ್ಷ ಫೈನಲ್‌ನ್ಯಾಗ ಸ್ಕೋರ್ ಎಷ್ಟಾಗಿತ್ತು ಹೇಳು?"

"ನನಗ ಸ್ಕೋರ್ ನೆನಪಿರೂದಿಲ್ರಿ ಅಣ್ಣಾರ" ಎಂದ ಬಸವಕಿರಣ ನಾಚಿಕೊಂಡು. "ಆಟ ನೋಡವರು ಯಾಕ ನೋಡತಾರ, ಆಡವರು ಯಾಕ ಬಿಟ್ಟರು, ಅದು ನನ್ನ ವಿಷಯರಿ."

ಸ್ಕೋರು ಗೊತ್ತಿಲ್ಲದ ಆಟದ ಪಂಡಿತ! ಶಿವಪ್ರಕಾಶನಿಗೆ ಆದ ಆನಂದ ಅಷ್ಟಿಷ್ಟಲ್ಲ. ಅದು ಸುಮಾರು ಅರ್ಧ ಗಂಟೆ ಬಾಳಿತು.

ಏಕೆಂದರೆ ಬಸವಕಿರಣ ಟಿವಿ ನೋಡುತ್ತಿರಲಿಲ್ಲ. ಮಾವನ ಕಿವಿ ನೋಡುತ್ತಿದ್ದ. ಜಾಹೀರಾತು ಬಂದಾಗ ಅವನು ಮಾವನ ಕಡೆ ಸರಿದು, ಒದರದೆ, ಮೆಲ್ಲಗೆ ಕೇಳಿದ.

"ಮಾವಾರ, ಇದು ಕುಸ್ತಿ ಹಿಡಿದ ಕಿವಿ ಅಲ್ರಿ? ಯಾವ ಗರಡಿ, ಯಾವ ತಾಲೀಮಿನ್ಯಾಗ ಇದ್ರಿ ನೀವು?"

ಅಮರೇಶಪ್ಪನವರು ಅವನನ್ನೇ ನೋಡಿದರು. ಚಹಾದ ಬಸಿಯನ್ನು ಬಾಯಿಂದ ಇಳಿಸಿದರು. ಅದನ್ನು ಕೆಳಗಿಟ್ಟು, ಮುದುಡಿದ ಕಿವಿಯನ್ನು ಒಮ್ಮೆ ಸವರಿಕೊಂಡರು.

"ರಾಯಚೂರಾಗ. ಕ್ವಾಟಿ ಬುರುಜಿನ ಹಿಂದಿನ ತಾಲೀಮು. ನಿಮಗ ಹ್ಯಾಂಗ ಗೊತ್ತಾತು?"

"ಹಳೇ ಪೈಲ್ವಾನರನ್ನ ಭಾಳ ಮಂದೀನ್ನ ಮಾತಾಡಿಸೇನ್ರಿ. ಮಣ್ಣಾಗ ತಲಿಗೆ ತಲಿ ಕೊಟ್ಟು ತಿಕ್ಕಿ ತಿಕ್ಕಿ ಕಿವಿ ಹಿಂಗ ಆಗತಾವು. ಅವರಿಗೆ ಅದು ಪದಕ ಇದ್ದಂಗ."

ಅಷ್ಟೇ. ಕಟ್ಟೆ ಒಡೆಯಿತು. ಮೂವತ್ತೈದು ವರ್ಷ ಬಟ್ಟೆ ಅಳೆದ ಮನುಷ್ಯ ಎದ್ದು ನಿಂತು, ತೊಡೆ ತಟ್ಟಿ, ಕುಸ್ತಿ ಕಲಿಸುವ ವಸ್ತಾದರು ಹೇಗೆ ಬೆಳಗಿನ ಜಾವ ಎಬ್ಬಿಸುತ್ತಿದ್ದರು, ಕೆಮ್ಮಣ್ಣಿಗೆ ಮಜ್ಜಿಗೆ, ನಿಂಬೆ, ಎಣ್ಣೆ ಹಾಕಿ ಹೇಗೆ ಹದ ಮಾಡುತ್ತಿದ್ದರು, ಗುಲಬರ್ಗಾದ ದೈತ್ಯನನ್ನು ತಾನು ಹೇಗೆ ಚಿತ್ ಮಾಡಿದೆ ಎಂದೆಲ್ಲ ಹೇಳತೊಡಗಿದರು. ಟಿವಿ ಒಂದು ಕಡೆ ಕೂಗುತ್ತಿತ್ತು, ಯಾರೂ ನೋಡಲಿಲ್ಲ.

"ಅಪ್ಪಾ, ನಮಗೊಮ್ಮೆನೂ ಹೇಳಿಲ್ಲಲ್ಲ!" ಎಂದಳು ಸುವರ್ಣಾ. ಹಿರಿಮಗಳು, ಶಿವಪ್ರಕಾಶನ ಹೆಂಡತಿ.

ಉತ್ತರ ಕೊಟ್ಟದ್ದು ಅಂಬವ್ವ, ಅಡಿಗೆಮನೆಯ ಬಾಗಿಲಲ್ಲಿ ನಿಂತು. "ಪೈಲ್ವಾನಗ ಹೆಣ್ಣು ಕೊಡೂದಿಲ್ಲಂತ ನಮ್ಮಪ್ಪ ಹಟ ಹಿಡಿದಿದ್ದ. ಇವರು ಲಂಗೋಟಿ ಬಿಚ್ಚಿ ಹನುಮಪ್ಪನ ಪಾದದ ಮ್ಯಾಲಿಟ್ಟು ಬಂದು ನನ್ನ ಮದಿವಿ ಆದ್ರು. ಅವತ್ತಿನಿಂದ ಆ ಮಾತ ಎತ್ತಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು, ಸೆಕೆಗೋ ಮತ್ಯಾತಕ್ಕೋ.

ಶಿವಪ್ರಕಾಶನಿಗೂ ಏನಾದರೂ ಹೇಳಬೇಕೆನಿಸಿತು. ಮಾವನ ಬಲಗಿವಿಗೆ ಬಾಯಿಟ್ಟು "ಭಾಳ ಸಂತೋಷ ಆತ್ರಿ ಮಾವಾರ!" ಎಂದು ಒದರಿದ.

"ಸಾವಕಾಶ ಹೇಳ್ರಿ ಅಳಿಯಂದ್ರ" ಎಂದರು ಮಾವ, ಕಿವಿಗೆ ಬೆರಳಿಟ್ಟು. "ನನಗ ಕಿವಿ ಛಲೋ ಕೇಳತಾವು."

"ಮತ್ತ ಇಷ್ಟು ವರ್ಷ…?"

"ನಿಮಗ ಒದರೋ ಚಟ ಐತಿ ಅಂದುಕೊಂಡಿದ್ದೆ."

ಅಂದು ಹಂಚಿನಿಂದ ಇಳಿದ ಮೊದಲ ಹೋಳಿಗೆ ಶಿವಪ್ರಕಾಶನ ಕಣ್ಣೆದುರೇ, ಅವನ ಮೂಗಿನ ಕೆಳಗಿಂದಲೇ ಹಾದು, ಸಣ್ಣ ಅಳಿಯನ ತಟ್ಟೆಗೆ ಬಿತ್ತು.

ಆಮೇಲೆ ಸಾಮ್ರಾಜ್ಯ ಒಂದೊಂದೇ ಪ್ರಾಂತ ಕಳೆದುಕೊಂಡಿತು. ಮುಂದಿನ ವಾರ ಕೂಲರಿನ ಎದುರಿನ ಕುರ್ಚಿ ಹೋಯಿತು. ("ಬಸೂ, ಇಲ್ಲೆ ಕುಂದರು, ನಿನ್ನ ಮಷೀನಿಗೆ ನನ್ನ ದನಿ ಛಲೋ ಸಿಗತೈತಿ.") ಗಮನಿಸಿ: ಬಸೂ! ಶಿವಪ್ರಕಾಶ ಇಷ್ಟು ವರ್ಷದಲ್ಲಿ 'ಅಳಿಯಂದ್ರು' ಎಂಬಲ್ಲಿಂದ ಒಂದು ಅಂಗುಲ ಹತ್ತಿರ ಬಂದಿರಲಿಲ್ಲ. ಟಿವಿಯನ್ನು ಮುಚ್ಚಿಟ್ಟರು, ಏಕೆಂದರೆ ಬಸವಕಿರಣ ತನ್ನ ಪ್ರಬಂಧಕ್ಕಾಗಿ ಮಾಡುವ ಧ್ವನಿಮುದ್ರಣಕ್ಕೆ ಅಡ್ಡಿ. ಮಾವ ಅಳಿಯ ಇಬ್ಬರೂ ಇರಾನಿ ಚಹಾ ಕುಡಿಯಲು ಕೈ ಕೈ ಹಿಡಿದು ಹೋಗುವುದನ್ನು ಶಿವಪ್ರಕಾಶ ಬಾಲ್ಕನಿಯಿಂದ ನೋಡಿದ. ಮಾವ ನಗುತ್ತಿದ್ದರು. ಮಾವನಿಗೆ ಮೇಲಿನ ಸಾಲಿನಲ್ಲಿ ಎರಡು ಹಲ್ಲಿಲ್ಲ ಎಂಬುದು ಅವನಿಗೆ ಅವತ್ತೇ ಗೊತ್ತಾದದ್ದು.

ಹುಡುಗ ಕೆಟ್ಟವನಾಗಿದ್ದರೆ ಒಂದು ಸಮಾಧಾನವಿರುತ್ತಿತ್ತು. ಅವನು ಬಂದ ಕೂಡಲೇ "ಅಣ್ಣಾರ, ಆರಾಮ?" ಎನ್ನುತ್ತಿದ್ದ, ಕುರ್ಚಿ ಬಿಟ್ಟು ಏಳಲು ಹೋಗುತ್ತಿದ್ದ, ತನ್ನ ತಟ್ಟೆಯ ಹೋಳಿಗೆಯನ್ನು ಇವನ ತಟ್ಟೆಗೆ ದಾಟಿಸಲು ನೋಡುತ್ತಿದ್ದ. ಅವನು ಒಳ್ಳೆಯವನೂ ಆಗಿದ್ದದ್ದು ಶಿವಪ್ರಕಾಶನಿಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯವಾಗಿ ಕಂಡಿತು.

"ಆ ಹುಡುಗಗ ನೌಕರಿ ಐತೇನು? ನಾಳಿ ಏನ್ ಮಾಡತಾನ?" ಎಂದು ಮನೆಗೆ ಮರಳುವಾಗ ಸ್ಕೂಟರಿನ ಮೇಲಿಂದ ಗೊಣಗಿದ.

"ವಿದ್ಯಾದ ಮುಂದ ರೊಕ್ಕ ಕಸ ಅಂದವರು ಯಾರ್ರೀ?" ಎಂದಳು ಹಿಂದಿನಿಂದ ಸುವರ್ಣಾ.

"ಅದು ಬ್ಯಾರೆ ಮಾತು."

"ನಮ್ಮಪ್ಪ ಹಿಂಗ ನಕ್ಕಿದ್ದು ನಾ ಹುಟ್ಟಿದಾಗಿಂದ ನೋಡಿಲ್ಲ. ನಿಮಗ್ಯಾಕ ಹೊಟ್ಟಿಕಿಚ್ಚು?"

"ಹೊಟ್ಟಿಕಿಚ್ಚಲ್ಲ. ಆಸಿಡಿಟಿ."

"ಎರಡಕ್ಕೂ ಅಡಿಗಿಸೋಡಾ ತಗೋರಿ" ಎಂದಳವಳು.

ಹೊಟ್ಟೆಯಲ್ಲಿ ಬೆಂಕಿಯಿದ್ದಾಗ ತಲೆಗೆ ಹೊಗೆ ಹತ್ತುವುದು ಸಹಜ. ಮರು ಭಾನುವಾರ ಎಲ್ಲರೂ ಉಣ್ಣಲು ಕೂತಾಗ, ಮಾವ ಮತ್ತೆ ಗುಲಬರ್ಗಾದ ದೈತ್ಯನ ಕಥೆಗೆ ಕೈ ಹಾಕಿದಾಗ, ಶಿವಪ್ರಕಾಶನ ಬಾಯಿಂದ ಆ ಮಾತು ಹೊರಬಿತ್ತು. ಯಾರು ಹೇಳಿಸಿದರೋ ಶಿವನೇ ಬಲ್ಲ.

"ನಮ್ಮಜ್ಜನೂ ಪೈಲ್ವಾನ ಇದ್ದರ್ರಿ."

ಸುವರ್ಣಾಗೆ ರೊಟ್ಟಿ ನೆತ್ತಿಗೇರಿತು. ಮುದಗಲ್ಲಿನ ಸೋಮಣ್ಣಜ್ಜ ವೀಳ್ಯದೆಲೆ ಮಾರಿ ಬದುಕಿದ ಸಾಧು ಪ್ರಾಣಿ, ಪಕ್ಕದ ಮನೆಯ ಹುಂಜ ಅಂಗಳಕ್ಕೆ ಬಂದರೆ ಕಟ್ಟೆ ಹತ್ತಿ ಕೂರುತ್ತಿದ್ದವನು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಅವಳು ಕೆಮ್ಮಿ ನೀರು ಕುಡಿಯುವಷ್ಟರಲ್ಲಿ ಅವಳ ಗಂಡ ಬಹಳ ದೂರ ಹೋಗಿಬಿಟ್ಟಿದ್ದ.

"ಮುದಗಲ್ಲಿನ ಹುಲಿ ಅಂತಿದ್ದರ್ರಿ! ಒಂದ ಗುಟುಕಿಗೆ ಒಂದ ಕೊಡಪಾನ ಹಾಲು!"

"ಹೌದ್ರಿ ಅಣ್ಣಾರ?" ಬಸವಕಿರಣನ ಕಣ್ಣು ಅರಳಿತು. ಫೋನು ಹೊರಬಂದು ರೆಕಾರ್ಡಿಂಗ್ ಶುರುವಾಯಿತು. "ವಸ್ತಾದರು ಯಾರ್ರಿ? ಎಲ್ಲೆಲ್ಲಿ ಹಿಡಿದಿದ್ದರು?"

"ವಸ್ತಾದ… ಅಂದ್ರ… ಕಾಳಿಂಗಪ್ಪ ವಸ್ತಾದ! ಅವರು… ದಸರಾಕ್ಕ ಬಿಜಾಪುರದಾಗ ನಾಲ್ಕು ಮಂದೀನ್ನ ಚಿತ್ ಮಾಡಿದ್ದರು. ಅದ… ದಸರಾಕ್ಕ ಸೊಲ್ಲಾಪುರದಾಗನೂ…"

ಅವನ ಮಾತಿನ ಓಟವನ್ನು ತಡೆದದ್ದು ಒಂದು ಕೈ. ಅಮರೇಶಪ್ಪನವರು ಎಂಜಲ ಕೈಯನ್ನೂ ಲೆಕ್ಕಿಸದೆ ಅವನ ಹೆಗಲು ಹಿಡಿದಿದ್ದರು. ತೋಳನ್ನು ಅಮುಕಿ ನೋಡಿದರು, ತರಕಾರಿ ಪ್ಯಾಟಿಯಲ್ಲಿ ಬದನೆಕಾಯಿ ಅಮುಕುವಂತೆ.

"ಪೈಲ್ವಾನರ ಮೊಮ್ಮಗ! ನನ್ನ ಮನ್ಯಾಗ! ಇಷ್ಟು ದಿನಾ ಯಾಕ ಹೇಳಲಿಲ್ಲ ಶಿವೂ?"

ಶಿವೂ! ಶಿವಪ್ರಕಾಶನ ಕಣ್ಣು ಮಂಜಾಯಿತು. ಗೆದ್ದೆ ಅಂದುಕೊಂಡ.

"ಮುಂದಿನ ಐತವಾರ ತಾಲೀಮಿಗೆ ಹೋಗೂಣು" ಎಂದರು ಮಾವ. "ರಕ್ತದಾಗ ಇದ್ದದ್ದು ಎಲ್ಲೂ ಹೋಗಂಗಿಲ್ಲ."

ರಕ್ತದಲ್ಲಿ ಇದ್ದದ್ದು ಸಕ್ಕರೆ ಮಾತ್ರ ಎಂದು ಅವನ ಡಾಕ್ಟರು ಹೇಳಿದ್ದರು. ಆದರೆ 'ಶಿವೂ' ಎನ್ನಿಸಿಕೊಂಡ ಮೇಲೆ ಇಲ್ಲ ಎನ್ನುವುದು ಹೇಗೆ?

ಮೂಸಿ ನದಿಯ ಆಚೆಗೆ, ಹಳೇ ಶಹರದ ಒಂದು ಗಲ್ಲಿಯೊಳಗೆ ಆ ತಾಲೀಮಿತ್ತು. ತಗಡಿನ ಮಾಡು, ನಡುವೆ ಕೆಂಪು ಮಣ್ಣಿನ ಕಣ, ಗೋಡೆಗೆ ಹಳೆಯ ಪೈಲ್ವಾನರ ಮಾಸಿದ ಪಟಗಳು. ಅಲ್ಲಿಯ ಉಸ್ತಾದರು ಶಿವಪ್ರಕಾಶನನ್ನು ತಲೆಯಿಂದ ಹೊಟ್ಟೆಯವರೆಗೆ ನೋಡಿದರು. (ಹೊಟ್ಟೆಯ ಕೆಳಗೆ ಕಾಣುತ್ತಿರಲಿಲ್ಲ.)

"ಕ್ಯಾ ಮಿಯಾಂ, ಪೈಲ್ವಾನ್ ಕಾ ಪೋತಾ ಬೋಲೆ ತೊ ತುಮ್ಮೀಚ್ ಹೈಂ?"

"ಹೌ ಸಾಬ್" ಎಂದು, ಪೈಲ್ವಾನನ ಮೊಮ್ಮಗ ತಾನೇ ಎಂಬುದನ್ನು ಒಪ್ಪಿಕೊಂಡ ಶಿವಪ್ರಕಾಶ, ಲಂಗೋಟಿಯನ್ನು ಎರಡು ಕೈಯಿಂದ ಹಿಡಿದು. ಮೂರು ಜನ ಸೇರಿ ಕಟ್ಟಿದ್ದರೂ ಅವನಿಗೆ ಅದರ ಮೇಲೆ ನಂಬಿಕೆ ಬಂದಿರಲಿಲ್ಲ.

ತನಗೆ ಎದುರಾಳಿ ಯಾರೋ ಹುಡುಗ ಇರಬಹುದೆಂದು ಅವನು ಕಣದ ಸುತ್ತ ಕಣ್ಣಾಡಿಸಿದ. ಆಗ ಮಾವ ಅಂಗಿ ಬಿಚ್ಚಿದರು. ಕೆಮ್ಮಣ್ಣನ್ನು ಹಣೆಗೆ ಹಚ್ಚಿಕೊಂಡರು. ಎಪ್ಪತ್ತು ಸಮೀಪಿಸಿದ ದೇಹ ಕಣದೊಳಗೆ ಇಳಿದ ಕ್ಷಣ ಬೇರೆಯೇ ಯಾರದೋ ಆಯಿತು. ನಡು ಬಾಗಿತು, ಕಣ್ಣು ಕಿರಿದಾಯಿತು, ಮೊಣಕಾಲು ಬೆಕ್ಕಿನಂತೆ ಮಡಚಿತು. ಕಣದ ಅಂಚಿನಲ್ಲಿ ಬಸವಕಿರಣ ಫೋನು ಹಿಡಿದು ನಿಂತಿದ್ದ, ಉಸಿರೂ ಆಡದೆ.

"ಬಾ ಶಿವೂ" ಎಂದರು ಮಾವ, ಎಂದೂ ಇಲ್ಲದ ಪ್ರೀತಿಯಿಂದ.

ಶಿವಪ್ರಕಾಶ ಒಂದು ಹೆಜ್ಜೆ ಮುಂದಿಟ್ಟ. ಮುಂದಿನದು ಅವನಿಗೆ ಸ್ಪಷ್ಟವಾಗಿ ನೆನಪಿಲ್ಲ. ಅಗಸ ಬಟ್ಟೆಯನ್ನು ಹೆಗಲ ಮೇಲಿಂದ ಎತ್ತಿ ಕಲ್ಲಿಗೆ ಬಡಿಯುವಂತೆ ಬಡಿಯುವ ಪಟ್ಟಿಗೆ ಧೋಬಿ ಪಟ್ಟು ಎನ್ನುತ್ತಾರೆಂದು ಬಸವಕಿರಣ ಆಮೇಲೆ ತಿಳಿಸಿಕೊಟ್ಟ. ಅವನಿಗೆ ನೆನಪಿದ್ದದ್ದು ಇಷ್ಟೇ: ತಗಡಿನ ಮಾಡು ಕೆಳಗೆ ಬಂತು, ಭೂಮಿ ಮೇಲಕ್ಕೆ ಹೋಯಿತು, ಬಾಯಿ ತುಂಬ ಮಜ್ಜಿಗೆ ರುಚಿಯ ಮಣ್ಣು.

"ವ್ಹಾ!" ಎಂದರು ಉಸ್ತಾದರು. ಅದು ತನಗಲ್ಲ ಎಂಬಷ್ಟು ಪ್ರಜ್ಞೆ ಶಿವಪ್ರಕಾಶನಿಗೆ ಉಳಿದಿತ್ತು.

ಸೊಂಟ ಉಳುಕಿತು. ಮಾವನ ಮನೆಯ ದಿವಾನದ ಮೇಲೆ ಅವನನ್ನು ಮಲಗಿಸಿದರು. ಮಾವ ತಾವೇ ಎಣ್ಣೆ ಕಾಸಿ, ದಿನವೂ ತಿಕ್ಕಿದರು, ಹಳೆಯ ಪೈಲ್ವಾನರ ಕೈಯಿಂದ. ತಿಕ್ಕುವಾಗ ಕಥೆ ಹೇಳಿದರು. ಶಿವಪ್ರಕಾಶ ನೋವಿಗೆ "ಅಯ್ಯಪ್ಪಾ" ಎಂದಾಗಲೆಲ್ಲ ಅವರು ಅದನ್ನು ಕಥೆಗೆ ಸಿಕ್ಕ ಮೆಚ್ಚುಗೆ ಎಂದು ತಿಳಿದು ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದರು. ಅತ್ತೆ ಗ್ಲಾಸು ಗ್ಲಾಸು ಬಾದಾಮಿ ಹಾಲು ತಂದರು. ಸೊಂಟ ಹೋದರೂ ಸಿಂಹಾಸನ ಬಂತಲ್ಲ ಎಂದು ಅವನು ಮಗ್ಗುಲು ಬದಲಿಸಲಾಗದೆ ಬೀಗಿದ.

ಅದಕ್ಕೆ ಕಳಶವಿಟ್ಟಂತೆ ಇನ್ನೊಂದು ಸಿಹಿ ಸುದ್ದಿ ಬಂತು. ಬಸವಕಿರಣನಿಗೆ ದಿಲ್ಲಿಯಲ್ಲಿ ಹಳೆಯ ಪತ್ರಿಕೆಗಳನ್ನು ನೋಡಿ ಬರೆಯಲು ಒಂದು ವರ್ಷದ ಫೆಲೋಶಿಪ್ಪು ಸಿಕ್ಕಿತ್ತು. ದೀಪಾಲಿಯೂ ಜೊತೆಗೆ ಹೊರಟಳು. ಒಂದು ವರ್ಷ! ಶಿವಪ್ರಕಾಶ ತಾನೇ ಕಾಚಿಗೂಡ ಸ್ಟೇಷನ್ನಿಗೆ ಹೋಗಿ ಅವರ ಸೂಟ್‌ಕೇಸು ಎತ್ತಿ ಗಾಡಿಯೊಳಗೆ ಇಟ್ಟ, ಸೊಂಟದ ನೋವು ಲೆಕ್ಕಕ್ಕೇ ಬರಲಿಲ್ಲ.

ಗಾಡಿ ಹೊರಡುವ ಮುಂಚೆ ಬಸವಕಿರಣ ಅವನನ್ನು ಬದಿಗೆ ಕರೆದ.

"ಅಣ್ಣಾರ, ನಿಮ್ಮಜ್ಜಾರ ಸುದ್ದಿ ನನ್ನ ಪ್ರಬಂಧದಾಗ ಹಾಕಿಲ್ರಿ. ತಪ್ಪು ತಿಳಕೋಬ್ಯಾಡ್ರಿ."

"ಯಾಕ ತಮ್ಮಾ?"

"ಒಬ್ಬ ಮನುಷ್ಯಾ ಒಂದ ದಸರಾಕ್ಕ ಬಿಜಾಪುರದಾಗೂ ಸೊಲ್ಲಾಪುರದಾಗೂ ಕುಸ್ತಿ ಹಿಡಿಯೂದು ಕಷ್ಟರಿ." ಹುಡುಗ ನಗಲಿಲ್ಲ, ಚುಚ್ಚಲಿಲ್ಲ. "ಮಾವಾರಿಗೆ ನಾ ಏನೂ ಹೇಳಿಲ್ರಿ. ಅವರನ್ನ ನೋಡಿಕೋರಿ. ಕೇಳವರು ಯಾರೂ ಇಲ್ಲಂದ್ರ ಮತ್ತ ಮಾತು ಬಿಟ್ಟುಬಿಡತಾರ."

ಗಾಡಿ ಹೋಯಿತು. ಶಿವಪ್ರಕಾಶನಿಗೆ ಒಂದು ಗಳಿಗೆ ಏನೋ ಒಂಥರಾ ಆಯಿತು. ಆದರೆ ಅದೂ ಆಸಿಡಿಟಿ ಇರಬೇಕೆಂದು ಒಂದು ಗುಳಿಗೆ ನುಂಗಿ ಮನೆಗೆ ಬಂದ.

ಮರುದಿನ ಬೆಳಕು ಹರಿಯುವ ಮುಂಚೆ ಫೋನು ಬಡಿದುಕೊಂಡಿತು.

"ಶಿವೂ, ಕೆಳಗ ನಿಂತೇನಿ. ಲಂಗೋಟಿ ತಗೊಂಡು ಬಾ."

ಅಂದಿನಿಂದ ಮೊದಲಾಯಿತು. ಬಸು ಇಲ್ಲ, ಆದ್ದರಿಂದ ಕೇಳಲು ಶಿವು ಬೇಕು. ಬರೀ ಕೇಳಿದರೆ ಸಾಲದು, ಪೈಲ್ವಾನನ ಮೊಮ್ಮಗನಾದ್ದರಿಂದ ದಂಡ ಹೊಡೆಯಬೇಕು, ಬಸ್ಕಿ ತೆಗೆಯಬೇಕು. ಭಾನುವಾರ ಹೋಳಿಗೆ ತಟ್ಟೆಗೆ ಬೀಳುವ ಮೊದಲೇ ಮಾವನ ಕೈ ಅಡ್ಡ ಬರುತ್ತಿತ್ತು. "ಕಣಕ್ಕ ಇಳಿಯವಗ ಸಿಹಿ ಬ್ಯಾಡ." ಬದಲಿಗೆ ಮೊಳಕೆ ಹೆಸರು ಕಾಳು. ಸುವರ್ಣಾ ಎದುರು ಕೂತು ತುಪ್ಪ ಹಾಕಿದ ಹೋಳಿಗೆಯನ್ನು ನಾಜೂಕಾಗಿ ಮುರಿದು ತಿನ್ನುತ್ತ, "ಎಷ್ಟು ಬೇಕಾಗಿದ್ದರು ನಿಮಗ ಅಪ್ಪ! ಈಗ ಪೂರ್ತಿ ನಿಮಗ ಸಿಕ್ಕರು ನೋಡ್ರಿ" ಎನ್ನುತ್ತಿದ್ದಳು. ದಿಲ್ಲಿಗೆ ಫೋನು ಹಚ್ಚಿ "ತಮ್ಮಾ, ಆ ಪತ್ರಿಕಾ ಲಗೂ ಲಗೂ ಓದಿ ಮುಗಸಾಕ ಆಗಂಗಿಲ್ಲೇನು?" ಎಂದು ಅಂಗಲಾಚಿದ್ದೂ ಆಯಿತು. ಹುಡುಗ ಪಾಪ, ಇನ್ನೂ ಆರು ತಿಂಗಳು ಹೆಚ್ಚು ಕೇಳಿದ್ದೇನೆ ಎಂದ.

ಕೊನೆಗೆ ಒಂದು ಬೆಳಗ್ಗೆ, ಬೆವರು ಕೆಮ್ಮಣ್ಣಿನಲ್ಲಿ ಇಳಿದು ಕೆಸರಾಗುತ್ತಿರುವಾಗ, ಶಿವಪ್ರಕಾಶ ಕಣದ ನಡುವೆ ಕುಸಿದು ಕೂತು ಕೈ ಮುಗಿದ.

"ಮಾವಾರ, ಒಂದ ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮಜ್ಜ ಪೈಲ್ವಾನ ಅಲ್ರಿ. ಎಲಿ ಮಾರತಿದ್ದರು. ಬಸೂನ ಮ್ಯಾಲಿನ ಹೊಟ್ಟಿಕಿಚ್ಚಿಗೆ ಸುಳ್ಳು ಹೇಳಿದೆ."

ಹೇಳಿದ ಮೇಲೆ ಹಗುರಾಯಿತು. ಮಾವ ಬೈಯಬಹುದು, ಬಾಯಿ ಕಟ್ಟಿಕೊಂಡು ಹಳೆಯ 'ಹೂಂ'ಗೆ ಮರಳಬಹುದು, ಏನೇ ಆದರೂ ನಾಳೆ ಬೆಳಗ್ಗೆ ಮಲಗಬಹುದು ಎಂದು ಅವನು ಕಣ್ಣು ಮುಚ್ಚಿ ಕಾದ.

"ಗೊತ್ತೈತಿ" ಎಂದರು ಅಮರೇಶಪ್ಪನವರು, ಕೈಗೆ ಮಣ್ಣು ತಿಕ್ಕಿಕೊಳ್ಳುತ್ತ. "ಹೇಳಿದ ದಿನಾನ ಗೊತ್ತಾತು. ಪೈಲ್ವಾನರ ಮನ್ಯಾಗ ಯಾರೂ ಒಂದ ಗುಟುಕಿಗೆ ಒಂದ ಕೊಡಪಾನ ಹಾಲು ಅನ್ನಂಗಿಲ್ಲ."

"ಮತ್ತ… ಮತ್ತ ನನ್ನ ಯಾಕ್ರಿ ಕರಕೊಂಡು ಬರಾಕತ್ತೀರಿ?"

ಮುದುಕ ಬಗ್ಗಿ, ಅಳಿಯನ ಎರಡೂ ರಟ್ಟೆ ಹಿಡಿದು, ಗೋಣಿಚೀಲ ಎತ್ತಿ ನಿಲ್ಲಿಸುವಂತೆ ಎತ್ತಿ ನಿಲ್ಲಿಸಿದರು.

"ಅದಕ್ಕ ಕರಕೊಂಡು ಬರಾಕತ್ತೇನಿ ಶಿವೂ. ನಿನಗ 'ನಮ್ಮಜ್ಜ ಪೈಲ್ವಾನ' ಅಂತ ಸುಳ್ಳು ಹೇಳೂ ಪ್ರಸಂಗ ಬಂತು. ನಾಳಿ ನಿನ್ನ ಮೊಮ್ಮಕ್ಕಳಿಗೆ ಆ ಪ್ರಸಂಗ ಬರಬಾರದು."